ಗೆರೆಗಾಗಿ ಹಿಡಿದ ವ್ರತ

ಚಲಪತಿ,

‘ಪ್ರಿಯ’ ಎಂದು ಮೊದಲು ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಹೊಡೆದದ್ದು ನಿನಗೆ ಕಾಣಲಿ ಎಂದೇ ಬೇರೆ ಹಾಳೆ ತೆಗೆದುಕೊಳ್ಳಲಿಲ್ಲ.

ಮತ್ತಿಗಿರಿಯಿಂದ ಇಲ್ಲೇ ಪಕ್ಕದ ಆಲಸನತ್ತಕ್ಕೆ ಕಾಗದ ಬರೆಯುವವನು ಈ ಕಾಲದಲ್ಲಿ ನಾನೊಬ್ಬನೇ ಇರಬೇಕು. ಸ್ಕೂಟರಿನಲ್ಲಿ ಬಂದು ಎದುರಿಗೇ ಬೈಯೋಣವೆಂದು ಎರಡು ಸಲ ನಿನ್ನ ಮನೆಗೆ ಬಂದೆ. ಮೊದಲ ಸಲ ನೀನು ಸ್ನಾನಕ್ಕೆ ಹೋಗಿದ್ದೆ; ಮಂಗಮ್ಮ ಕೊಟ್ಟ ಕಾಫಿ ಮುಗಿದು, ಪೇಪರು ಮುಗಿದು, ಲೋಟ ತಣ್ಣಗಾದರೂ ನಿನ್ನ ಸ್ನಾನ ಮುಗಿಯಲಿಲ್ಲ. ಎರಡನೆಯ ಸಲ ನನ್ನ ಸ್ಕೂಟರಿನ ಸದ್ದು ಕೇಳಿ ನೀನು ಹಿಂದಿನ ಬಾಗಿಲಿನಿಂದ ಹೊರಟುಹೋದೆ. ಷೆಡ್ಡಿಗೆ ಬಂದರೆ ಕ್ರೇನಿನಿಂದ ಇಳಿಯುವುದಿಲ್ಲ, ಫೋನ್ ಮಾಡಿದರೆ ಕತ್ತರಿಸುತ್ತೀಯ. ವಾಟ್ಸಾಪಿನಲ್ಲಿ ಬರೆದರೆ ಒಂದು ಹಳದಿ ಹೆಬ್ಬೆರಳು ಕಳಿಸುತ್ತೀಯ. ಹೆಬ್ಬೆರಳಿನ ಜೊತೆ ಜಗಳವಾಡುವುದು ಹೇಗೆ? ಅದಕ್ಕೇ ಕಾಗದ. ಮಂಗಮ್ಮನ ಕೈಯಲ್ಲಿ ಕೊಡುತ್ತೇನೆ, ಹೆಂಡತಿ ಕೊಟ್ಟರಾದರೂ ಓದುತ್ತೀಯ. ತಮಿಳು ಸೀಮೆಯ ಈ ಕಂಪನಿಯ ನೋಟೀಸು ತಮಿಳು ಇಂಗ್ಲಿಷಿನಲ್ಲಿ ಬಂದಾಗಲೆಲ್ಲ, ಕನ್ನಡ ಶಾಲೆಯಲ್ಲಿ ಓದಿದ ನೀನು ಕೊರಗುತ್ತಿದ್ದೆ: “ನಂಗೆ ಬರೋ ಬಾಸೇಲಿ ಯಾವೋನೂ ನಂಗೊಂದು ಕಾಗ್ದ ಬರೆಯಾಕಿಲ್ಲ ಕಣ್ಲಾ ರಾಯಪ್ಪ.” ತಗೋ, ಬರೆದಿದ್ದೇನೆ. ಪೂರ್ತಿ ಓದು.

ಗುರುವಾರ ಕಾರ್ಖಾನೆಯ ವರ್ಷದ ಮೆಡಿಕಲ್ ಕ್ಯಾಂಪು. ನೀನು ಎದೆಯ ಮಾತ್ರೆ ಬಿಟ್ಟಿದ್ದೀಯ. ಇದನ್ನು ನಾನು ಊಹಿಸಿದ್ದಲ್ಲ. ನಿನ್ನೆ ತರಕಾರಿ ಅಂಗಡಿಯ ಮುಂದೆ ಮಂಗಮ್ಮ ಸಿಕ್ಕಿ, ಕೈಚೀಲ ನೆಲದ ಮೇಲಿಟ್ಟು ಹೇಳಿದಳು: “ಅಣ್ಣಾ, ನಿಮ್ ಸ್ನೇಯಿತ್ರು ಮತ್ತೆ ವ್ರತ ಹಿಡಿದವ್ರೆ. ಮಾತ್ರೆ ಡಬ್ಬಿ ಮುಟ್ತಾನೇ ಇಲ್ಲ. ಕೇಳಿದ್ರೆ, ‘ನೀನು ಸಾರ್ಗೆ ಉಪ್ಪಾಕು, ನನ್ನೆದೆ ತಂಟೆಗೆ ಬರ್ಬ್ಯಾಡ’ ಅಂತಾರೆ. ಅಂಬರೀಶನ್ಗೆ ಅಂಗಾದ್ಮೇಲೂ ಇವ್ರು ಇಂಗೇ ಮಾಡಿದ್ರೆ ನಾನು ಯಾರ್ನ ಕೇಳ್ಲಿ ಏಳಿ.” ಅವಳು ಅಳಲಿಲ್ಲ. ಟೊಮೇಟೊ ಆರಿಸುತ್ತಾ ಹೇಳಿದಳು. ಅವಳು ಅತ್ತಿದ್ದರೆ ಬಹುಶಃ ನಾನು ಸಮಾಧಾನ ಹೇಳಿ ಮನೆಗೆ ಹೋಗಿ ಮಲಗುತ್ತಿದ್ದೆ. ಅವಳು ಅಳದೆ ಇದ್ದದ್ದರಿಂದ ಈ ಕೋಪ.

ನನಗೆ ಕೋಪ ಬರುವುದು ಅಪರೂಪ. ನಿನಗೆ ಗೊತ್ತು. “ನಿನ್ ಮೈಯಾಗೆ ರಕ್ತ ಐತೋ, ಡ್ರಾಯಿಂಗ್ ಇಂಕು ಐತೋ” ಎಂದು ಕ್ಯಾಂಟೀನಿನಲ್ಲಿ ಎಲ್ಲರೆದುರು ಕೇಳಿದವನು ನೀನೇ. ನಾನು ಗಾಜಿನ ಗೋಡೆಯ ಹಿಂದೆ ಕೂತು ಕಬ್ಬಿಣದ ಭಾಗಗಳ ಗೆರೆ ಎಳೆಯುವವನು. ನೀನು ಷೆಡ್ಡಿನ ಸೂರಿನ ಕೆಳಗೆ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತು, ಕರಗಿದ ಕಬ್ಬಿಣ ತುಂಬಿದ ಲೇಡಲನ್ನು ಮಗುವಿನ ತೊಟ್ಟಿಲಿನ ಹಾಗೆ ತೂಗಿಕೊಂಡು ಹೋಗುವವನು. ನಾನು ದೂರದಿಂದ ನೋಡುವವನು, ನೀನು ಮೇಲಿನಿಂದ ನೋಡುವವನು. ನಮ್ಮಿಬ್ಬರ ಸ್ನೇಹ ಹೇಗೆ ಆಯಿತೋ ನನಗೆ ಇನ್ನೂ ಸರಿಯಾಗಿ ತಿಳಿದಿಲ್ಲ. ಊರು ಬಿಟ್ಟು ಬಂದ ನನ್ನಂಥವನಿಗೆ ಈ ಊರಿನಲ್ಲಿ ಮೊದಲು ರಾಗಿಮುದ್ದೆ ಬಡಿಸಿದ್ದು ನಿಮ್ಮಮ್ಮ ಗೋವಿಂದಮ್ಮ. ಅಷ್ಟು ಮಾತ್ರ ಖಚಿತ.

ಗೋವಿಂದಮ್ಮನಿಂದಲೇ ಶುರುಮಾಡಬೇಕು. ಏಕೆಂದರೆ ಈ ಎಲ್ಲ ಅನಾಹುತಕ್ಕೆ ಬೀಜ ಬಿದ್ದದ್ದು ಅವಳ ಕಣ್ಣಿನ ಆಪರೇಷನ್ನಿನ ದಿನ.

ನೆನಪಿದೆಯೇ? ತೊರಪಲ್ಲಿ ಅಗ್ರಹಾರದ ಹತ್ತಿರ ನಿಮ್ಮ ಹೊಲದ ಮನೆಯಿಂದ ಅವಳನ್ನು ಕಾರಿನಲ್ಲಿ ಕರೆತಂದೆವು. ಪೊರೆ ತೆಗೆಯುವ ಮೊದಲು ಒಂದು ಇಸಿಜಿ ಬೇಕು ಎಂದರು. ತೆಗೆದರು. ಪಟ್ಟಿ ನೋಡಿದ ಚಿಕ್ಕ ವಯಸ್ಸಿನ ಡಾಕ್ಟರ ಮುಖ ಬಿಳಿಚಿಕೊಂಡಿತು. ಪ್ರತಿ ಬಡಿತದ ಪಕ್ಕದಲ್ಲೂ ಗೆರೆ ಕೆಳಕ್ಕೆ ಜೋತುಬಿದ್ದಿತ್ತು. “ಹೃದಯಕ್ಕೆ ರಕ್ತ ಹೋಗ್ತಿಲ್ಲ, ಈಗಲೇ ಬೆಂಗಳೂರಿಗೆ ಕರೆದುಕೊಂಡು ಹೋಗಿ” ಎಂದರು. ನೀನು ಕಾರಿಡಾರಿನ ಗೋಡೆಗೆ ತಲೆ ಚಚ್ಚಿಕೊಂಡು ಅತ್ತೆ. ಬೆಂಚಿನ ಮೇಲೆ ಕೂತಿದ್ದ ಗೋವಿಂದಮ್ಮ ಮಾತ್ರ, “ಇದ್ಯಾಕ್ಲಾ ಇಂಗಾಡ್ತೀಯ, ನಾನಿನ್ನೂ ಇಲ್ಲೇ ಕುಂತಿವ್ನಿ” ಎಂದಳು.

ಆಮೇಲೆ ಒಳಗಿನಿಂದ ಹಿರಿಯ ಡಾಕ್ಟರು ಬಂದರು. ಅವರು ಪಟ್ಟಿಯನ್ನು ಒಂದು ಸಲ ನೋಡಿ ಪಕ್ಕಕ್ಕಿಟ್ಟರು. ಅವಳ ಎದುರು ಕುಕ್ಕರುಗಾಲಿನಲ್ಲಿ ಕೂತು ಕೇಳಿದರು: “ಅಮ್ಮಾ, ಏನು ಮಾತ್ರೆ ತಗೋತೀರಿ?” ಅವಳು ಸೆರಗಿನ ಗಂಟು ಬಿಚ್ಚಿ, ಪುಟ್ಟ ಬಿಳಿ ಮಾತ್ರೆ ತೋರಿಸಿದಳು. “ಇದೇ ಸಾಮಿ. ಚಿಕ್ಕೋಳಿದ್ದಾಗ ಮೈ ಕೈ ಊದಿ ಜ್ವರ ಬಂದಿತ್ತಲ್ಲ, ಆಗ ಎದೆ ಬಾಗ್ಲು ಕೆಟ್ಟೋಯ್ತಂತೆ, ಅದ್ಕೆ. ಸನಿವಾರ ಬಾನುವಾರ ಇದ್ಕೆ ರಜಾ.” ಡಾಕ್ಟರು ನಕ್ಕರು. “ಇದು ರೋಗ ಎಳೆದ ಗೆರೆ ಅಲ್ಲ, ಈ ಮಾತ್ರೆ ಎಳೆದ ಗೆರೆ” ಎಂದರು. ಆ ಮಾತ್ರೆ ತೆಗೆದುಕೊಳ್ಳುವವರ ಇಸಿಜಿಯಲ್ಲಿ ಗೆರೆ ಹಾಗೆಯೇ ಜೋಲುತ್ತದೆ, ಒದ್ದೆ ಸೀರೆ ಹಾಕಿದ ಹಗ್ಗದ ಹಾಗೆ. ಜೋತ ಮಾತ್ರಕ್ಕೆ ಅಪಾಯ ಎಂದಲ್ಲ, ಮಾತ್ರೆ ಮೈಯಲ್ಲಿದೆ ಎಂದಷ್ಟೇ. ಮಾತ್ರೆ ನಿಲ್ಲಿಸಿದರೆ ಕೆಲವು ದಿನಗಳಲ್ಲಿ ಗೆರೆ ನೇರವಾಗುತ್ತದೆ, ಆದರೆ ನಿಲ್ಲಿಸಬಾರದು. ಇಷ್ಟು ಹೇಳಿ, ಅವಳ ಹಳೆಯ ಚೀಟಿ ತರಿಸಿ ನೋಡಿ, ಆಪರೇಷನ್ನಿಗೆ ಒಪ್ಪಿಗೆ ಕೊಟ್ಟರು. ಕಣ್ಣು ಬಂದ ಮೇಲೆ ಗೋವಿಂದಮ್ಮ ಊರಿಗೆಲ್ಲ ಹೇಳಿಕೊಂಡು ತಿರುಗಿದಳು: “ನನ್ನೆದೆ ಗೆರೆ ನೋಡಿ ನನ್ ಮಗ ಅತ್ತುಬುಟ್ಟ. ನಾಳೆ ನಾನು ಸತ್ರೂ ಅಷ್ಟು ಅಳಾಕಿಲ್ಲ ನೋಡ್ತಿರ್ರಿ.”

ಅವತ್ತು ಆ ಕೋಣೆಯಲ್ಲಿ ನಾವಿಬ್ಬರೂ ಒಂದೇ ಮಾತು ಕೇಳಿಸಿಕೊಂಡೆವು. ನೀನು ಅದರಲ್ಲಿ ಅರ್ಧ ತೆಗೆದುಕೊಂಡೆ. ಮಾತ್ರೆ ಗೆರೆಯನ್ನು ಬದಲಿಸುತ್ತದೆ, ಬಿಟ್ಟರೆ ಗೆರೆ ನೇರವಾಗುತ್ತದೆ ಎಂಬ ಅರ್ಧ. ಆ ಡಾಕ್ಟರು ಕುಕ್ಕರುಗಾಲಿನಲ್ಲಿ ಕೂತು ಒಂದು ಪ್ರಶ್ನೆ ಕೇಳಿದರಲ್ಲ, ಅದನ್ನು ಅಲ್ಲೇ ಬೆಂಚಿನ ಮೇಲೆ ಬಿಟ್ಟು ಬಂದೆ.

ಆ ಅರ್ಧವನ್ನು ನೀನು ಬಳಸಿದ್ದು ಜಗನ್‌ನ ವಿಷಯ ಆದಮೇಲೆ. ನ್ಯಾಯವಾಗಿ ಹೇಳಬೇಕೆಂದರೆ ನಿನ್ನ ಕಡೆಯೂ ಒಂದು ಮಾತಿದೆ, ಅದನ್ನು ನಾನೇ ಹೇಳಿಬಿಡುತ್ತೇನೆ. ಜಗನ್ ನಮ್ಮ ಒಳ್ಳೆಯ ಕ್ರೇನ್ ಆಪರೇಟರುಗಳಲ್ಲಿ ಒಬ್ಬ. ಬಿಪಿಗೆ ಯಾವುದೋ ಮಾತ್ರೆ ನುಂಗುತ್ತಿದ್ದ. ಆ ಮಾತ್ರೆಯ ಕೆಲಸವೇ ನಾಡಿಯನ್ನು ನಿಧಾನ ಮಾಡುವುದು. ಅದು ತನ್ನ ಕೆಲಸ ಮಾಡಿತ್ತು. ಕ್ಯಾಂಪಿನ ಯಂತ್ರ ಪಟ್ಟಿಯ ತಲೆಯ ಮೇಲೆ ‘ಅಸಹಜ’ ಎಂದು ತಾನೇ ಅಚ್ಚುಹಾಕಿತು. ಗುತ್ತಿಗೆಗೆ ಬಂದ ಆ ಕ್ಯಾಂಪಿನವರು ಅಚ್ಚಾದ ಆ ಒಂದು ಪದ ಓದಿದರು, ಸಹಿ ಹಾಕಿದರು, ಮುಂದಿನವನನ್ನು ಕರೆದರು. ತಂಬಾಕು ಕೇಳುತ್ತಾರೆ, ಕನ್ನಡಕ ಕೇಳುತ್ತಾರೆ, ಬೆಲ್ಟು ಬಿಚ್ಚಿಸಿ ಹರ್ನಿಯಾ ನೋಡುತ್ತಾರೆ. ಯಾವ ಮಾತ್ರೆ ನುಂಗುತ್ತೀಯಪ್ಪಾ ಎಂದು ಒಬ್ಬನೂ ಕೇಳಲಿಲ್ಲ. ಜಗನ್‌ನನ್ನು ಕ್ಯಾಬಿನ್ನಿನಿಂದ ಇಳಿಸಿ ಗುಜರಿ ಅಂಗಳಕ್ಕೆ ಹಾಕಿದರು. ಮುಂದಿನ ಯುಗಾದಿಗೆ ಅವನ ಗುತ್ತಿಗೆಯೂ ಮುಗಿಯಿತು. ಎಲ್ಲಿ ಹೋದನೋ ಗೊತ್ತಿಲ್ಲ.

ಆ ಕೋಪ ನನ್ನಲ್ಲಿ ಇವತ್ತಿಗೂ ಆರಿಲ್ಲ. ವೈದ್ಯರು ವರ್ಷಗಟ್ಟಲೆ ಹೆಣಗಿ ಒಬ್ಬನ ನಾಡಿಯನ್ನು ಹದಕ್ಕೆ ತಂದರೆ, ಆ ಹದವನ್ನೇ ರೋಗವೆಂದು ಓದಿ ಅವನ ಅನ್ನ ಕಿತ್ತುಕೊಳ್ಳುವ ಓದು ಎಂಥದು? ಎದೆ ಬಿಗಿತ ಇರುವವನು ಕಾದ ಕಬ್ಬಿಣದ ಮೇಲೆ ಕ್ರೇನು ಓಡಿಸಬೇಕೇ ಬೇಡವೇ ಎನ್ನುವುದು ಖಂಡಿತ ಕೇಳಬೇಕಾದ ಪ್ರಶ್ನೆ. ಕೇಳಲಿ. ಅವನನ್ನು ಕೂರಿಸಿಕೊಂಡು, ಅವನ ಚೀಟಿ ನೋಡಿ, ಅವನ ಡಾಕ್ಟರಿಗೆ ಫೋನು ಮಾಡಿ ಕೇಳಲಿ. ಕೇಳಿದ ಮೇಲೂ ಇಳಿ ಎಂದರೆ ಇಳಿಯೋಣ. ಕೇಳದೆ ಇಳಿಸುವುದು ಬೇರೆ.

ಆದರೆ ಚಲಪತಿ, ಅವರು ಕೇಳದ ಪ್ರಶ್ನೆಗೆ ನೀನು ಕಲಿಸಿದ ಉತ್ತರ ಅದಕ್ಕಿಂತ ಕೆಟ್ಟದ್ದು.

ವ್ರತ ಎಂದು ಹೆಸರಿಟ್ಟವನು ನೀನೇ. ಬೋರ್ಡಿನಲ್ಲಿ ಕ್ಯಾಂಪಿನ ನೋಟೀಸು ಬಿದ್ದ ದಿನ ಷೆಡ್ಡಿನಲ್ಲಿ ಗುಸುಗುಸು ಶುರುವಾಗುತ್ತದೆ. “ಏನಣ್ಣಾ, ವಿರದಮಾ?” ಎಂದು ತಮಿಳಿನ ಹುಡುಗರು ಕಣ್ಣು ಹೊಡೆಯುತ್ತಾರೆ. ಶಬರಿಮಲೆಗೆ ಮಾಲೆ ಹಾಕಿಕೊಂಡವರಿಗೆ ಒಬ್ಬ ಗುರುಸ್ವಾಮಿ ಇರುವ ಹಾಗೆ ಇದಕ್ಕೂ ನೀನು ಗುರುಸ್ವಾಮಿ. ಯಾರು ಯಾವ ಬಣ್ಣದ ಮಾತ್ರೆಯನ್ನು ಯಾವಾಗ ಬಿಡಬೇಕು, ಕ್ಯಾಂಪಿನ ಬೆಳಿಗ್ಗೆ ಕಾಫಿ ಕುಡಿಯಬೇಕೇ ಬೇಡವೇ, ಎಲ್ಲ ನಿನ್ನ ಬಾಯಲ್ಲಿ. ಕ್ಯಾಂಪು ಮುಗಿದು ‘ಫಿಟ್’ ಎಂಬ ಸೀಲು ಬಿದ್ದ ಮೇಲೆ ಗೇಟಿನ ಹೊರಗಿನ ಟೀ ಅಂಗಡಿಯಲ್ಲಿ, “ಮಾಲೆ ತೆಗೀರ್ಲಾ ಎಲ್ರೂ” ಎಂದು ನೀನು ಕೂಗುವುದು. ಅವರೆಲ್ಲ ಜೇಬಿನಿಂದ ಮಾತ್ರೆ ತೆಗೆದು ಚಹಾದ ಜೊತೆ ನುಂಗುವುದು. ನಾನು ದೂರದಲ್ಲಿ ನಿಂತು ನೋಡಿ ನಕ್ಕಿದ್ದೂ ಉಂಟು. ಎದೆಯನ್ನು ಕಾಯುವ ಮಾತ್ರೆಗಳೂ ಆ ಗುಂಪಿನಲ್ಲಿ ಇವೆ ಎಂದು ಆಗ ನನಗೆ ತಿಳಿದಿರಲಿಲ್ಲ. ನಿನಗೆ ತಿಳಿದಿತ್ತು. ನೀನೂ ಒಂದನ್ನು ನುಂಗುತ್ತಿದ್ದೆಯಲ್ಲ.

ಹೋದ ವರ್ಷ ಕ್ಯಾಂಪಿಗೆ ಮೊದಲು ಪಕ್ಕದ ಕ್ರೇನಿನ ಅಂಬರೀಶ ನಿನ್ನ ಹತ್ತಿರ ಬಂದ. ಕೃಷ್ಣಗಿರಿಯ ಡಾಕ್ಟರು ಎದೆ ಬಿಗಿತಕ್ಕೆ ಅವನಿಗೆ ಕೊಟ್ಟಿದ್ದದ್ದು ನೀನು ತೆಗೆದುಕೊಳ್ಳುವ ಅದೇ ಮಾತ್ರೆ. ‘ಒಂದು ದಿನವೂ ತಪ್ಪಿಸಬಾರದು’ ಎಂದು ಅವರು ಹೇಳಿದ್ದಾರೆ ಅಣ್ಣಾ ಎಂದು ಅವನು ತಡವರಿಸಿದನಂತೆ. ನೀನು ಹೇಳಿದ್ದು ಅವನಿಗೆ ಈಗಲೂ ಬಾಯಿಪಾಠ: “ಅವ್ರು ಏಳೋದು ಅಂಗೇ ಕಣ್ಲಾ. ಡಾಕ್ಟ್ರು ನಿನ್ ಕ್ರೇನು ಓಡುಸ್ತಾರಾ? ಐದು ದಿನ ಬುಡು. ಗೆರೆ ಕುದುರೆ ತರ ಬತ್ತದೆ ನೋಡು.”

ಬಂತು. ಕುದುರೆಯ ಹಾಗೆಯೇ ಬಂತು. ಯಂತ್ರ ‘ಸಹಜ’ ಎಂದು ಅಚ್ಚುಹಾಕಿತು, ಕ್ಯಾಂಪಿನವರು ಸೀಲು ಒತ್ತಿದರು, ಟೀ ಅಂಗಡಿಯಲ್ಲಿ ಮಾಲೆಯೂ ತೆಗೆದಾಯಿತು. ಆದರೆ ಅಷ್ಟು ಹೊತ್ತಿಗೆ ಕೆಡಬೇಕಾದದ್ದು ಕೆಡತೊಡಗಿತ್ತು. ಕ್ಯಾಂಪಾದ ಮೂರನೆಯ ಬೆಳಿಗ್ಗೆ ಲೇಡಲು ನೇತಾಡುತ್ತಿರುವಾಗಲೇ ಅವನ ಎದೆ ಹಿಂಡಿಕೊಂಡಿತು. ಕೆಳಗೆ ಜನ ಇದ್ದರು. ಬೆವರಿನಲ್ಲಿ ಕಣ್ಣು ಕಾಣದಿದ್ದರೂ ಅವನು ಲೇಡಲನ್ನು ಅದರ ಗುಂಡಿಯವರೆಗೆ ಒಯ್ದು, ಅಲುಗದ ಹಾಗೆ ಇಳಿಸಿ, ಆಮೇಲೆ ತಾನು ಏಣಿ ಇಳಿದ. ಫಸ್ಟ್ ಏಡ್ ರೂಮಿಗೆ ನಡೆದುಕೊಂಡೇ ಹೋದ.

ಅಲ್ಲಿ ಆದದ್ದನ್ನು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ಅಲ್ಲಿದ್ದ ಕಾಂಪೌಂಡರು ಕಂಪ್ಯೂಟರಿನಲ್ಲಿ ಅವನ ಹೆಸರು ಒತ್ತಿದ. ಮೊನ್ನೆ ಮೊನ್ನೆ ತೆಗೆದ ಇಸಿಜಿ ತೆರೆಯ ಮೇಲೆ ಬಂತು. ಸಹಜ. ಫಿಟ್. “ಒಣ್ಣುಂ ಇಲ್ಲೆ ಅಣ್ಣಾ, ಗ್ಯಾಸು” ಎಂದು, ಏನೂ ಇಲ್ಲವೆಂದು ನಕ್ಕು, ಗುಲಾಬಿ ಬಣ್ಣದ ಔಷಧ ಒಂದು ಮುಚ್ಚಳ ಕುಡಿಸಿ, ಮಂಚದ ಮೇಲೆ ಮಲಗಿಸಿದ. ಗೆರೆ ಸಾಕ್ಷಿ ಹೇಳಿಬಿಟ್ಟಿತ್ತಲ್ಲ, ಅವನ ಎದೆ ಎಷ್ಟು ಕೂಗಿದರೆ ಏನು? ತನ್ನನ್ನು ಉಳಿಸಲಿ ಎಂದು ಅಂಬರೀಶ ತಂದ ಸುಳ್ಳು ಸಾಕ್ಷಿ ಅವನ ವಿರುದ್ಧವೇ ನಿಂತಿತು.

ನೀನು ಬಾಗಿಲಲ್ಲಿ ನಿಂತಿದ್ದೆ.

ಇದನ್ನು ನನಗೆ ಹೇಳಿದವನು ಅಂಬರೀಶನೇ. ದೂರು ಹೇಳಿದ ಹಾಗೆ ಹೇಳಲಿಲ್ಲ; ಅಲ್ಲಿ ಕಿಟಕಿ ಇತ್ತು, ಫ್ಯಾನಿತ್ತು, ಬಾಗಿಲಲ್ಲಿ ಚಲಪತಣ್ಣ ಇದ್ದರು, ಹೀಗೆ. ಗ್ಯಾಸು ಎಂದದ್ದು ನಿನಗೆ ಕೇಳಿಸಿತು. ಅದು ಗ್ಯಾಸು ಅಲ್ಲ ಎಂದು ಆ ಇಡೀ ಕಾರ್ಖಾನೆಯಲ್ಲಿ ಅನುಮಾನಿಸಬಹುದಾಗಿದ್ದವನು ನೀನೊಬ್ಬನೇ. ಒಂದು ವಾಕ್ಯ ಸಾಕಿತ್ತು: ಇವನು ಮಾತ್ರೆ ಬಿಟ್ಟಿದ್ದ. ನೀನು ಆ ವಾಕ್ಯವನ್ನು ಬಾಯಲ್ಲಿ ಇಟ್ಟುಕೊಂಡು ನಿಂತೆ. ಅದನ್ನು ಹೇಳಿದ್ದರೆ ಅಂಬರೀಶನ ಸೀಲು ಹೋಗುತ್ತಿತ್ತು, ನಿನ್ನದೂ ಹೋಗುತ್ತಿತ್ತು, ವ್ರತ ಹಿಡಿದ ಎಲ್ಲರದೂ ಹೋಗುತ್ತಿತ್ತು. ನೀನು ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಂಡೆ. ಮಂಚದ ಮೇಲೆ ಬಿದ್ದಿದ್ದ ಒಬ್ಬನನ್ನು ಬಿಟ್ಟು.

ಹೇಳಿದವಳು ಸರಿತಾ. ಯಾರೋ ಫೋನು ಮಾಡಿದ್ದಕ್ಕೆ ಓಡಿಬಂದ ಅವನ ಹೆಂಡತಿ, ಗಂಡನ ಮುಖದ ಬಣ್ಣ ನೋಡಿ, ಯಾರ ಮಾತೂ ಕೇಳದೆ ಆಟೋ ಹಿಡಿದು ಆಸ್ಪತ್ರೆಗೆ ಸಾಗಿಸಿದಳು. ನಾನು ಹಿಂದಿನಿಂದ ಸ್ಕೂಟರಿನಲ್ಲಿ ಹೋದೆ. ಅಲ್ಲಿನ ಡಾಕ್ಟರಮ್ಮ ಮೊದಲು ಕೇಳಿದ್ದು ಅದೇ ಪ್ರಶ್ನೆ, ನಿಮ್ಮಮ್ಮನನ್ನು ಕೇಳಿದ ಪ್ರಶ್ನೆ.

“ಏನು ಮಾತ್ರೆ ತಗೋತಿದ್ರು?”

“ದಿನಾ ತಗೋತಿದ್ರು ಮೇಡಂ. ವ್ರತಕ್ಕೆ ಅಂತ ಬಿಟ್ಟಿದ್ರು.”

“ಯಾವ ವ್ರತಮ್ಮಾ?”

“ಇಸಿಜಿ ವ್ರತ.”

ಡಾಕ್ಟರಮ್ಮ ಬೈಯುತ್ತಾರೆ ಎಂದುಕೊಂಡೆ. ಅವರು ಬೈಯಲಿಲ್ಲ. ತಿರುಗಿ ಓಡಿದರು. ಅಂಥವರು ಓಡುವುದನ್ನು ನಾನು ಅದೇ ಮೊದಲು ನೋಡಿದ್ದು.

ಅಂಬರೀಶ ಬದುಕಿದ. ಎದೆಯ ಸ್ನಾಯುವಿನಲ್ಲಿ ಒಂದು ಪಾಲು ಬದುಕಲಿಲ್ಲ. ಈಗ ಅವನ ಗೆರೆ ಮಾತ್ರೆ ನುಂಗಿದರೂ ಕೆಟ್ಟದ್ದೇ, ಬಿಟ್ಟರೂ ಕೆಟ್ಟದ್ದೇ. ಯಾವ ವ್ರತಕ್ಕೂ ಅದು ಬಗ್ಗುವುದಿಲ್ಲ. ಕ್ರೇನಿನ ಏಣಿ ಹಾಗಿರಲಿ, ಮನೆಯ ಮೆಟ್ಟಿಲು ಹತ್ತುವಾಗಲೂ ನಡುವೆ ನಿಂತು, ಏನೋ ಮರೆತವನ ಹಾಗೆ ಜೇಬು ತಡವುತ್ತಾನೆ. ಏದುಸಿರು ಎಂದು ಯಾರಿಗೂ ಗೊತ್ತಾಗದಿರಲಿ ಎಂದು. ಮರೆಮಾಚುವುದನ್ನು ನೀನು ಅಷ್ಟು ಚೆನ್ನಾಗಿ ಕಲಿಸಿದ್ದೀಯ.

ಆ ಡಾಕ್ಟರಮ್ಮನ ಹತ್ತಿರವೇ ಆಮೇಲೆ ನಾನೂ ತೋರಿಸಿಕೊಂಡೆ. ನನಗೂ ಈಗ ನಿನ್ನದೇ ಜಾತಿಯ ಒಂದು ಮಾತ್ರೆ ಇದೆ, ನಿನಗೆ ಹೇಳಿರಲಿಲ್ಲ. ಹೇಳೋಣವೆಂದರೆ ನೀನು ಸಿಕ್ಕಿದ್ದೆಲ್ಲಿ? ಇಸಿಜಿಗೆ ಮಲಗಿಸುವ ಮೊದಲೇ ಕೇಳಿದರು. ಪಟ್ಟಿ ಹೊರಬಂದ ಕೂಡಲೇ ಅದರ ತಲೆಯ ಮೇಲೆ ಪೆನ್ನಿನಲ್ಲಿ ಮಾತ್ರೆಯ ಹೆಸರು, ಎಷ್ಟು, ಇವತ್ತು ಯಾವಾಗ ನುಂಗಿದ್ದು, ಇಷ್ಟನ್ನೂ ಬರೆದರು. ಆಮೇಲಷ್ಟೇ ಗೆರೆಯನ್ನು ನೋಡಿದರು. ನಾನು ಎದ್ದು ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಮರೆತು ಆ ಅಕ್ಷರಗಳನ್ನೇ ನೋಡುತ್ತ ಕೂತೆ. ಜೀವಮಾನವಿಡೀ ಡ್ರಾಯಿಂಗಿನ ಮೂಲೆಯಲ್ಲಿ ಅಳತೆಯ ಪ್ರಮಾಣ ಬರೆದವನು ನಾನು. ಅದಿಲ್ಲದ ಡ್ರಾಯಿಂಗನ್ನು ನಮ್ಮ ಷೆಡ್ಡಿನಲ್ಲಿ ಯಾರೂ ಕೈಯಲ್ಲಿ ಹಿಡಿಯುವುದಿಲ್ಲ. ಬೋಲ್ಟೋ ಬಾಯ್ಲರೋ ಎಂದು ತಿಳಿಯುವುದಾದರೂ ಹೇಗೆ? ಒಂದು ಬೋಲ್ಟಿಗೆ ಇರುವ ಆ ಮರ್ಯಾದೆ ಮನುಷ್ಯನ ಎದೆಗೆ ಕ್ಯಾಂಪಿನಲ್ಲಿ ಇಲ್ಲ.

ಮಾತ್ರೆಗಳು ಗೆರೆಯನ್ನು ಏನೇನು ಮಾಡುತ್ತವೆ ಎಂದು ಅವರನ್ನು ಕೇಳಿದೆ. ಒಂದು ಮಾತ್ರೆ ಗೆರೆಯನ್ನು ಜೋಲಿಸುತ್ತದೆ, ಅದು ಗೋವಿಂದಮ್ಮನದು. ಇನ್ನೊಂದು ಮಾತ್ರೆ ಬಡಿತ ಬಡಿತದ ನಡುವೆ ಜಾಗ ಹೆಚ್ಚಿಸುತ್ತದೆ, ಅದು ನಮ್ಮದು. ಮೂರನೆಯದು, ಬಡಿದ ಮೇಲೆ ಎದೆ ಸಾವರಿಸಿಕೊಳ್ಳುವ ಹೊತ್ತನ್ನು ಉದ್ದ ಎಳೆಯುತ್ತದೆ. ಅದು ಮಿತಿಮೀರಿದರೆ ನಿಜವಾಗಿಯೂ ಅಪಾಯ, ಅದನ್ನು ಕಂಡುಹಿಡಿಯಲಿಕ್ಕೇ ಇಸಿಜಿ ಬೇಕು. ಅಂದರೆ ಗೆರೆ ಸುಳ್ಳು ಹೇಳುವುದಿಲ್ಲ. ಮಾತ್ರೆಯನ್ನೂ ಸೇರಿಸಿಯೇ ಹೇಳುತ್ತದೆ. ಹಾಗಾದರೆ ನಮ್ಮ ಮಾತ್ರೆಯನ್ನು ಐದು ದಿನ ಬಿಟ್ಟರೆ ಏನಾಗುತ್ತದೆ ಎಂದೆ. ಅವರು ಏನು ಹೇಳಿದರು ಎಂಬುದನ್ನು ನಿನ್ನ ಭಾಷೆಗೆ ತಿರುಗಿಸಿ ಹೇಳುತ್ತೇನೆ, ಕೇಳು. ನಿನ್ನ ಕ್ರೇನಿನ ಬ್ರೇಕನ್ನು ಕಳಚಿಹಾಕು. ಲೋಡು ಸರಾಗವಾಗಿ ಇಳಿಯತೊಡಗುತ್ತದೆ. ಎಷ್ಟು ಚೆನ್ನಾಗಿ ಓಡುತ್ತಿದೆ ನೋಡು, ಏನೂ ತೊಂದರೆಯಿಲ್ಲ ಎಂದು ಸೀಲು ಒತ್ತು. ಅಷ್ಟೇ. ಕೆಳಗೆ ನಿಂತವನು ಯಾರು ಎಂದು ನೋಡಬೇಡ. ಈ ಸಲ ಕೆಳಗೆ ನಿಂತವನು ನೀನೇ.

ಒಂದು ಸಲ ಮಾತಿಗೆ ಮಾತು ಬಂದು ನೀನು ಹೇಳಿದ್ದೆ, “ಮಾತ್ರೆ ಇದ್ರೆ ಅದು ಮಾತ್ರೆ ಎದೆ ಕಣ್ಲಾ, ನನ್ನೆದೆ ಅಲ್ಲ. ನಾನು ನನ್ನೆದೆ ತೋರಿಸ್ತೀನಿ.” ಆಗ ನನಗೆ ಅದು ದೊಡ್ಡ ಮಾತೆನಿಸಿತ್ತು, ನಿನ್ನಂಥವನ ಬಾಯಿಂದ ಬಂದಾಗ ಎಂಥ ಮಾತೂ ದೊಡ್ಡದೆನಿಸುತ್ತದೆ. ಈಗ ಯೋಚಿಸಿದರೆ ರೇಗುತ್ತದೆ. ಕನ್ನಡಕ ಹಾಕಿಕೊಂಡು ನೋಡುವ ಕಣ್ಣು ನನ್ನದಲ್ಲವೇ? ಗೋವಿಂದಮ್ಮ ಆ ಪುಟ್ಟ ಮಾತ್ರೆಯ ಜೊತೆ ಎಷ್ಟೋ ವರ್ಷ ಬದುಕಿದಳು, ರಾಗಿ ಬೀಸಿದಳು, ನಿನಗೆ ಬೈದಳು, ನನಗೆ ಮುದ್ದೆ ಬಡಿಸಿದಳು. ಅದನ್ನೆಲ್ಲ ಮಾಡಿದ್ದು ಯಾರ ಎದೆ? ಅವಳು ತನ್ನ ಮಾತ್ರೆಯನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು, ಕೇಳಿದವರಿಗೆಲ್ಲ ಬಿಚ್ಚಿ ತೋರಿಸುತ್ತಿದ್ದಳು. ನಾಚಿಕೆಪಡಲಿಲ್ಲ. ಅವಳ ಮಗ ನೀನು, ನಾಚಿಕೆಯನ್ನು ಎಲ್ಲಿಂದ ತಂದೆ?

ನನಗೆ ಒಂದು ಅನುಮಾನವಿದೆ. ತಪ್ಪಿದ್ದರೆ ಎದುರಿಗೆ ಬಂದು ತಪ್ಪು ಎನ್ನು. ಈ ಸಲದ ನಿನ್ನ ವ್ರತ ಸೀಲಿಗಾಗಿ ಅಲ್ಲ. ಅಂಬರೀಶನಿಗೆ ಆದದ್ದು ನನಗೂ ಆಗಿಹೋಗಲಿ ಎಂಬ ಒಂದು ಹಟ ಅದರಲ್ಲಿದೆ. ಅವನ ಮನೆಯ ಬೀದಿಗೆ ಕಾಲಿಡಲು ಆಗದವನು ಅವನು ಬಿದ್ದ ಹಳ್ಳಕ್ಕೆ ಬೀಳಲು ಹೊರಟಿದ್ದಾನೆ. ಇದು ಪ್ರಾಯಶ್ಚಿತ್ತ ಎಂದು ನೀನು ಅಂದುಕೊಂಡಿದ್ದರೆ ಕೇಳು, ಇದು ಆ ಬಾಗಿಲಲ್ಲಿ ಇನ್ನೊಂದು ಸಲ ಸುಮ್ಮನೆ ನಿಲ್ಲುವುದು. ಬೇರೇನೂ ಅಲ್ಲ. ನೀನು ಬಿದ್ದರೆ ನಿನ್ನ ಜೊತೆ ಆ ವಾಕ್ಯವೂ ಹೋಗುತ್ತದೆ. ಮುಂದಿನ ವರ್ಷ ನಿನ್ನ ಜಾಗದಲ್ಲಿ ಬೇರೊಬ್ಬ ಗುರುಸ್ವಾಮಿ ಬರುತ್ತಾನೆ, ಮಾತ್ರೆ ಎಷ್ಟು ದಿನ ಬಿಡಬೇಕೆಂದು ನಿನ್ನ ಹೆಸರಿನಲ್ಲೇ ಹೇಳಿಕೊಡುತ್ತಾನೆ.

ಹೋದ ಭಾನುವಾರ ಅಂಬರೀಶನ ಮನೆಗೆ ಹೋಗಿದ್ದೆ. ಸರಿತಾ ಹೊಲಿಗೆ ಯೂನಿಟ್ಟಿನಿಂದ ಬಂದು ಇನ್ನೂ ಚಪ್ಪಲಿ ಕಳಚಿರಲಿಲ್ಲ. “ನಿಮ್ ಗುರುಸ್ವಾಮಿ ಎಂಗವ್ರೆ? ಬರಾಕೆ ಕಾಲು ಬತ್ತಿಲ್ವಂತಾ?” ಎಂದು ಕೇಳಿದಳು. ಅವಳ ಕೋಪ ನನ್ನ ಕೋಪಕ್ಕಿಂತ ಸಣ್ಣ ಪದಗಳಲ್ಲಿದೆ, ಅದಕ್ಕೇ ಹೆಚ್ಚು ದೂರ ಹೋಗುತ್ತದೆ. ಅಂಬರೀಶ ಅವಳನ್ನು ಸುಮ್ಮನಿರು ಎಂದು ಸನ್ನೆ ಮಾಡಿದ. ಹೊರಡುವಾಗ ಬಾಗಿಲವರೆಗೆ ಬಂದ, ಗೋಡೆ ಹಿಡಿದುಕೊಂಡು. ನಿನ್ನ ಬಗ್ಗೆ ಒಂದೇ ಒಂದು ಮಾತು ಕೇಳಿದ.

“ಕ್ಯಾಂಪು ಬತ್ತಾ ಐತಲ್ಲಣ್ಣ. ಚಲಪತಣ್ಣ ಮಾತ್ರೆ ತಗೋತಾವ್ರಾ?”

ಮಂಗಮ್ಮ ಇನ್ನೂ ನನಗೆ ಹೇಳಿರಲಿಲ್ಲ. ತಗೋತಾನೆ ಎಂದು ಸುಳ್ಳು ಹೇಳಬಹುದಿತ್ತು. ಆ ಮನೆಯಲ್ಲಿ ಇನ್ನೊಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ. ಕೇಳಿ ಹೇಳುತ್ತೇನೆ ಎಂದು ಬಂದೆ. ನೀನು ಸ್ನಾನದ ಮನೆಯಿಂದ ಹೊರಗೆ ಬರಲಿಲ್ಲ.

ಆದ್ದರಿಂದ ಈಗ ಕೇಳುತ್ತಿದ್ದೇನೆ. ಇದನ್ನು ಓದಿ ಮುಗಿಸಿದ ಕೂಡಲೇ ಕೃಷ್ಣಗಿರಿಯ ನಿನ್ನ ಡಾಕ್ಟರಿಗೆ ಫೋನು ಮಾಡು. ಬಿಟ್ಟಿದ್ದೇನೆ ಎಂದು ಹೇಳು. ಎಷ್ಟು ದಿನದಿಂದ ಎಂದು ನಿಜ ಹೇಳು. ಅವರು ಹೇಗೆ ಮತ್ತೆ ಶುರುಮಾಡು ಎನ್ನುತ್ತಾರೋ ಹಾಗೆ ಶುರುಮಾಡು. ಬೈದರೆ ಬೈಸಿಕೋ. ಎದೆ ಹಿಂಡಿದರೆ ಫೋನು ಪಕ್ಕಕ್ಕಿಟ್ಟು ಮಂಗಮ್ಮನನ್ನು ಕೂಗು, ಗ್ಯಾಸು ಎನ್ನಬೇಡ.

ಗುರುವಾರ ನಾನು ಕ್ಯಾಂಪಿನ ಸಾಲಿನಲ್ಲಿ ಮೊದಲಿಗೇ ನಿಲ್ಲುತ್ತೇನೆ. ಬೆಳಿಗ್ಗೆ ಮಾತ್ರೆ ನುಂಗಿಯೇ ಬರುತ್ತೇನೆ, ಅದರ ಸ್ಟ್ರಿಪ್ಪನ್ನು ಅಂಗಿಯ ಮೇಲ್ಜೇಬಿನಲ್ಲಿ ಕಾಣುವ ಹಾಗೆ ಇಟ್ಟುಕೊಂಡು. ಪಟ್ಟಿಯ ತಲೆಯ ಮೇಲೆ ಮಾತ್ರೆಯ ಹೆಸರು ಬರೆಯಿರಿ ಎಂದು ಕೇಳುತ್ತೇನೆ. ಬರೆಯುವುದಿಲ್ಲ ಎಂದರೆ ನಾನೇ ಬರೆಯುತ್ತೇನೆ, ನನ್ನ ಹತ್ತಿರ ಪೆನ್ನಿದೆ, ನನ್ನ ಅಕ್ಷರ ಚೆನ್ನಾಗಿದೆ. ಬರೆದದ್ದನ್ನು ಓದುವ ಡಾಕ್ಟರು ಬರುವವರೆಗೆ ನಾನು ಆ ಮಂಚದಿಂದ ಏಳುವುದಿಲ್ಲ. ನನ್ನ ಹಿಂದೆ ಸಾಲು ನಿಲ್ಲುತ್ತದೆ, ಗಲಾಟೆಯಾಗುತ್ತದೆ, ಆಗಲಿ. ಆದರೆ ನನ್ನ ಗಲಾಟೆಗೆ ಆ ಹುಡುಗರು ಮಾತ್ರೆ ನುಂಗುವುದಿಲ್ಲ, ಚಲಪತಿ. ಅವರು ನನ್ನನ್ನು ನೋಡಿ ನಗುತ್ತಾರೆ. ನಿನ್ನನ್ನು ನೋಡಿ ನುಂಗುತ್ತಾರೆ. ಹಾಕಿದವನ ಕೈಯಲ್ಲೇ ಮಾಲೆ ತೆಗೆಯಬೇಕು ಎಂದು ನನಗೆ ಹೇಳಿಕೊಟ್ಟವನು ನೀನೇ. ಕ್ಯಾಂಪು ಮುಗಿದ ಮೇಲೆ ಅಲ್ಲ, ಸಾಲು ಶುರುವಾಗುವ ಮೊದಲು, ಗೇಟಿನ ಹೊರಗೆ ಆ ಟೀ ಅಂಗಡಿಯ ಮುಂದೆ ನಿಂತು ಒಂದು ಸಲ ಕೂಗು. ನಿನ್ನ ದನಿ ಕ್ರೇನಿನಿಂದ ನೆಲದವರೆಗೆ ಕೇಳಿಸುವ ದನಿ.

ಕ್ರೇನು ಹೋಗಬಹುದು. ಅದು ಹೋಗುವುದಿಲ್ಲ ಎಂದು ನಾನು ಭರವಸೆ ಕೊಡಲಾರೆ. ನಿನ್ನನ್ನು ನೆಲಕ್ಕೆ ಇಳಿಸಿದರೆ ಗಾಜಿನ ಗೋಡೆಯ ಈಚೆ ನನ್ನ ಪಕ್ಕದಲ್ಲಿ ಒಂದು ಸ್ಟೂಲಿದೆ. ಅಲ್ಲಿ ಕೂತು ನನ್ನ ಇಂಕಿನ ಬಗ್ಗೆ ಆಡಿಕೊಂಡಿರು.

ಈ ಕಾಗದಕ್ಕೆ ಉತ್ತರ ಬರೆಯಬೇಡ, ಹೆಬ್ಬೆರಳನ್ನೂ ಕಳಿಸಬೇಡ. ಉತ್ತರವನ್ನು ಅಂಬರೀಶನ ಬಾಗಿಲಿಗೆ ಹೋಗಿ ಹೇಳು. ಪ್ರಶ್ನೆ ಕೇಳಿದವನು ಅವನು.

ನಿನ್ನ ನಾಡಿ ನಿಧಾನವಾಗಿಯೇ ನಡೆಯಲಿ, ಯಾವ ಯಂತ್ರ ಏನೆಂದು ಅಚ್ಚುಹಾಕಿದರೂ ಸರಿ.

ಮೇಲೆ ಹೊಡೆದುಹಾಕಿದ ಆ ಒಂದು ಪದವನ್ನು ಮತ್ತೆ ಬರೆಯಲು ಕಾಯುತ್ತಿರುವ,
ರಾಯಪ್ಪ